ಅರವತ್ತು ವರ್ಷ ಕದಲದ ಸಂಖ್ಯೆ

ಚಿನ್ನ ಮುಗಿದ ಮೇಲೆ ಕೆಜಿಎಫ್‌ನಲ್ಲಿ ಉಳಿದದ್ದು ಒಂದೂವರೆ ಲಕ್ಷ ಜನ. ಅವರ ದುಡಿಮೆ ಬೆಂಗಳೂರಿನಲ್ಲಿ, ನಿದ್ದೆ ಗಣಿ ಕಾಲೊನಿಯಲ್ಲಿ, ಮನೆಯ ಹಕ್ಕು ಮಾತ್ರ ಕಡತದಲ್ಲಿ.

1951ರ ಜನಗಣತಿಯಲ್ಲಿ ಕೋಲಾರ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ, ಜನಸಂಖ್ಯೆ ಸುಮಾರು 1.59 ಲಕ್ಷ. ಅಂದಿನ ಮೈಸೂರು ರಾಜ್ಯದಲ್ಲಿ ಬೆಂಗಳೂರು ಮತ್ತು ಮೈಸೂರು ಬಿಟ್ಟರೆ ಇಷ್ಟು ಜನರಿದ್ದ ಊರು ಮತ್ತೊಂದಿರಲಿಲ್ಲ. ದಾವಣಗೆರೆ ಆಗಿನ್ನೂ ಲಕ್ಷದ ಗಡಿಯ ಹತ್ತಿರಕ್ಕೂ ಬಂದಿರಲಿಲ್ಲ. ಅರವತ್ತು ವರ್ಷ ಕಳೆದು, 2011ರಲ್ಲಿ ಗಣತಿದಾರರು ಕೆಜಿಎಫ್‌ನ ಮನೆಮನೆಗೂ ಹೋಗಿ ಬಂದಾಗ ಸಿಕ್ಕ ಲೆಕ್ಕ ಸುಮಾರು 1.63 ಲಕ್ಷ.

ಈ ಅರವತ್ತು ವರ್ಷಗಳಲ್ಲಿ ಬೆಂಗಳೂರು ಎಂಟು ಲಕ್ಷದೊಳಗಿನ ಊರಿನಿಂದ 84 ಲಕ್ಷದ ಮಹಾನಗರವಾಯಿತು. ದಾವಣಗೆರೆ ನಾಲ್ಕು ಲಕ್ಷ ದಾಟಿತು. ದೇಶದ ಜನಸಂಖ್ಯೆ 36 ಕೋಟಿಯಿಂದ 121 ಕೋಟಿಗೆ ಏರಿತು. ದೇಶ ಬೆಳೆದ ವೇಗದಲ್ಲೇ ಕೆಜಿಎಫ್ ಬೆಳೆದಿದ್ದರೂ ಇಂದು ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ಇರಬೇಕಿತ್ತು. ಇರಬೇಕಾಗಿದ್ದ ಆ ಜನರೆಲ್ಲ ಎಲ್ಲಿಗೆ ಹೋದರು? ಇದ್ದವರು ಏನು ತಿಂದು, ಎಲ್ಲಿ ದುಡಿದು, ಯಾರ ಸೂರಿನ ಕೆಳಗೆ ಬದುಕಿದರು? ಒಂದು ಊರಿನ ಜನಸಂಖ್ಯೆ, ವಸತಿ, ಆದಾಯ ಈ ಮೂರನ್ನೂ ಒಟ್ಟಿಗೆ ಹಿಡಿದು ನೋಡಿದರೆ ಮಾತ್ರ ಉತ್ತರ ಸಿಗುತ್ತದೆ. ಕೆಜಿಎಫ್‌ನ ಮಟ್ಟಿಗೆ ಈ ಮೂರೂ ಒಂದೇ ಯಜಮಾನನ ಕೈಯಲ್ಲಿದ್ದವು. ಆ ಯಜಮಾನ ಎದ್ದುಹೋದ ಮೇಲೆ ಏನಾಯಿತು ಎಂಬುದೇ ಈ ಊರಿನ ಕಥೆ.

ಏಳು ಸಾವಿರದಿಂದ ಒಂದೂವರೆ ಲಕ್ಷಕ್ಕೆ

ಇಲ್ಲಿನ ನೆಲದಲ್ಲಿ ಬಂಗಾರವಿದೆ ಎಂಬುದು ಸ್ಥಳೀಯರಿಗೆ ಶತಮಾನಗಳಿಂದ ಗೊತ್ತಿತ್ತು. ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು. 1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರನ್ ಅದನ್ನು ಕಂಡು ವರದಿ ಬರೆದ. 1870ರ ದಶಕದಲ್ಲಿ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ ಎಂಬ ಐರಿಷ್ ಮಾಜಿ ಸೈನಿಕ ಮೈಸೂರು ಸರ್ಕಾರದಿಂದ ಅಗೆಯುವ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಗಣಿಗಾರಿಕೆ ನೆಲೆಗೊಂಡಿತು. ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಗಣಿಗಳು ಒಂದರ ಪಕ್ಕ ಒಂದು ಬಾಯಿ ತೆರೆದವು.

1891ರಲ್ಲಿ ಏಳು ಸಾವಿರವಿದ್ದ ಜನ ಹತ್ತೇ ವರ್ಷಕ್ಕೆ 38 ಸಾವಿರವಾದರು. ಹೀಗೆ ಐದು ಪಟ್ಟಿಗೂ ಹೆಚ್ಚು ಬೆಳೆದದ್ದು ಹುಟ್ಟಿನಿಂದಲ್ಲ, ವಲಸೆಯಿಂದ. ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಬಂದ ತಮಿಳು ದಲಿತ ಕುಟುಂಬಗಳು ನೆಲದಡಿಯ ಕೆಲಸಕ್ಕೆ ಇಳಿದವು. ಚಿತ್ತೂರಿನ ಕಡೆಯ ತೆಲುಗರು, ಸುತ್ತಲಿನ ಹಳ್ಳಿಗಳ ಕನ್ನಡಿಗರು, ಮಲಬಾರಿನವರು, ಪಂಜಾಬಿನ ಕಾವಲುಗಾರರು, ಆಂಗ್ಲೋ ಇಂಡಿಯನ್ನರು, ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರು, ಇಟಲಿಯವರು ಎಲ್ಲರೂ ಇಲ್ಲಿ ಸೇರಿದರು. ಉಳುವ ನೆಲವಿದ್ದವನು ಒಂದು ಕಿಲೋಮೀಟರ್ ಆಳದ ಕತ್ತಲಿಗೆ ಇಳಿಯಲು ಹೊರಡುವುದಿಲ್ಲ. ಬಂದವರಲ್ಲಿ ಬಹುಪಾಲು ಜನರಿಗೆ ಹಿಂದಿರುಗಿ ಹೋಗಲು ಊರಿನಲ್ಲಿ ಗದ್ದೆ ಇರಲಿಲ್ಲ, ಸ್ವಂತ ಮನೆಯೂ ಇರಲಿಲ್ಲ. ಜಮೀನ್ದಾರನ ಜೀತದಿಂದ, ಬರದಿಂದ, ಕೇರಿಯ ಅವಮಾನದಿಂದ ಬಿಡಿಸಿಕೊಂಡು ಬಂದವರು ಅವರು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವ ಮನೆಯ ಪ್ರಶ್ನೆಗೆ ಬೇರು ಇಲ್ಲೇ ಇದೆ.

ಸರ್ಕಾರ ಮತ್ತು ಕಂಪನಿ ಎರಡೂ ಈ ಊರಿಗಾಗಿ ಕೈಬಿಚ್ಚಿ ಖರ್ಚು ಮಾಡಿದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಗಣಿಗೆ ಬಂತು. ಬೆಂಗಳೂರಿನ ಬೀದಿಗಳು ಅದನ್ನು ಕಂಡದ್ದು 1905ರಲ್ಲಿ. ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ನೀರು ಹರಿಯಿತು. ಮದ್ರಾಸ್-ಬೆಂಗಳೂರು ರೈಲು ಮಾರ್ಗದಲ್ಲಿದ್ದ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, 1894ರಲ್ಲಿ ಗಣಿಯವರೆಗೆ ಒಂದು ಕವಲು ಮಾರ್ಗ ಬಿತ್ತು. ಯಂತ್ರ, ಮರಮುಟ್ಟು, ಅಕ್ಕಿ, ಕೂಲಿಯಾಳು ಎಲ್ಲ ಆ ಹಳಿಯ ಮೇಲೆ ಬಂದವು. ಬಂಗಾರ ಅದೇ ಹಳಿಯ ಮೇಲೆ ಹೊರಗೆ ಹೋಯಿತು. ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಇಲ್ಲಿಂದ ತೆಗೆದ ಚಿನ್ನ 800 ಟನ್ನಿಗೂ ಹೆಚ್ಚು.

ಕಂಪನಿಯ ಸೂರು

ಕೆಜಿಎಫ್‌ನಲ್ಲಿ ಮನೆ ಎಂದರೆ ಎರಡು ಬಗೆ. ಒಂದು ಪೇಟೆಯ ಮನೆ, ಇನ್ನೊಂದು ಲೈನ್ ಮನೆ.

ಮೊದಮೊದಲು ಕಾರ್ಮಿಕರು ಬಿದಿರಿನ ತಟ್ಟಿ ಕಟ್ಟಿಕೊಂಡ ಗುಡಿಸಲುಗಳಲ್ಲಿದ್ದರು. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ, ಹತ್ತಡಿ ಉದ್ದಗಲದ ಗೂಡುಗಳವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯನ್ನೆಲ್ಲ ನಡುಗಿಸಿದ ಪ್ಲೇಗು ಈ ಇಕ್ಕಟ್ಟಿನ ಅಪಾಯವನ್ನು ಎತ್ತಿ ತೋರಿಸಿತು. ಗಣಿಯ ಮೇಲಿನ ಒತ್ತಡ ತಗ್ಗಿಸಲು ನೇರ ಬೀದಿಗಳ ಹೊಸ ಪೇಟೆಯೊಂದನ್ನು ಯೋಜಿಸಿ ಕಟ್ಟಿ, ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿಟ್ಟರು. ಹೀಗೆ ಹುಟ್ಟಿದ ರಾಬರ್ಟ್‌ಸನ್‌ಪೇಟೆ ಮತ್ತು ಅದರ ಜೊತೆಯ ಆಂಡರ್ಸನ್‌ಪೇಟೆ ವ್ಯಾಪಾರಿಗಳ, ಗುಮಾಸ್ತರ, ಅಕ್ಕಸಾಲಿಗರ, ದಿನಸಿ ಅಂಗಡಿಯವರ ಊರುಗಳಾದವು. ಇಲ್ಲಿನ ನಿವೇಶನಕ್ಕೆ ಪತ್ರವಿತ್ತು, ಮನೆಗೆ ಖಾತೆಯಿತ್ತು, ಮಾರಲು ಕೊಳ್ಳಲು ಅವಕಾಶವಿತ್ತು. ಇಂದಿಗೂ ನಗರಸಭೆಯ ಹೆಸರು ರಾಬರ್ಟ್‌ಸನ್‌ಪೇಟೆಯದೇ.

ಗಣಿಯ ಸುತ್ತಲಿನ ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಉರಿಗಾಂ, ಕೋರಮಂಡಲ್‌ಗಳ ಕಥೆ ಬೇರೆ. ತಟ್ಟಿ ಗುಡಿಸಲು ಹೋಗಿ ಗೋಡೆಯ ಮನೆ ಬಂದರೂ ಸಾಲು ಸಾಲಾದ ಅದೇ ರಚನೆ ಉಳಿಯಿತು. ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಮೇಲೆ ಹೆಂಚು ಅಥವಾ ಶೀಟು. ಶೌಚಕ್ಕೆ ಸಾಲಿನ ತುದಿಯ ಸಾಮೂಹಿಕ ಕಕ್ಕಸು, ನೀರಿಗೆ ಸಾಮೂಹಿಕ ನಲ್ಲಿ. ದಿಬ್ಬದ ಮೇಲೆ ಅಧಿಕಾರಿಗಳ ಬಂಗಲೆ, ಹೂದೋಟ, ಕ್ಲಬ್ಬು, ಗಾಲ್ಫ್ ಮೈದಾನ. ‘ಪುಟ್ಟ ಇಂಗ್ಲೆಂಡ್’ ಎಂದು ಬರೆದವರು ನೋಡಿದ್ದು ಈ ದಿಬ್ಬವನ್ನು. ಊರಿನ ಬಹುಪಾಲು ಜನ ಬದುಕಿದ್ದು ಲೈನಿನಲ್ಲಿ.

ಲೈನ್ ಮನೆಗೆ ಕೆಲಸವೇ ಬಾಡಿಗೆ ಕರಾರು. ಕೆಲಸ ಇದ್ದರೆ ಮನೆ. ಅಪ್ಪ ನಿವೃತ್ತನಾದರೆ ಮಗ ಗಣಿಗಿಳಿಯಬೇಕು, ಇಲ್ಲವಾದರೆ ಮನೆ ಬಿಡಬೇಕು. ಹಾಗಾಗಿ ಮನೆ ಉಳಿಸಿಕೊಳ್ಳುವುದಕ್ಕೆಂದೇ ಮಕ್ಕಳು ಶಾಲೆ ಬಿಟ್ಟು ಶಾಫ್ಟಿಗೆ ಇಳಿದ ಕುಟುಂಬಗಳು ಪ್ರತಿ ಸಾಲಿನಲ್ಲೂ ಇದ್ದವು. ನೀರು, ದೀಪ, ಆಸ್ಪತ್ರೆ ಎಲ್ಲವೂ ಕಂಪನಿಯದು. ಪಾಳಿ ಬದಲಾಗುವುದನ್ನು ಸಾರುವ ಹೂಟರ್ ಊರಿಗೆಲ್ಲ ಗಡಿಯಾರ.

ಬ್ರಿಟಿಷ್ ಕಂಪನಿಗಳ ಕೈಯಿಂದ 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್, ಹುಟ್ಟಿತು. ಯಜಮಾನ ಬದಲಾದರೂ ಮನೆಯ ಕರಾರು ಬದಲಾಗಲಿಲ್ಲ. ಕಕ್ಕಸಿನ ಸ್ಥಿತಿಯೂ ಅಷ್ಟೇ. ಕಾನೂನು ನಿಷೇಧಿಸಿ ಎಷ್ಟೋ ವರ್ಷವಾದ ಮೇಲೆ, 2011ರ ಸುಮಾರಿನಲ್ಲಿ, ಇಲ್ಲಿನ ಗಣಿ ಕಾಲೊನಿಗಳಲ್ಲಿ ಮಲ ಹೊರುವ ಪದ್ಧತಿ ಇನ್ನೂ ಜೀವಂತವಾಗಿರುವುದು ಬಯಲಿಗೆ ಬಂತು. ದೇಶದಲ್ಲೇ ಮೊದಲಿಗೆ ವಿದ್ಯುತ್ ದೀಪ ಕಂಡ ಊರುಗಳಲ್ಲಿ ಒಂದೆಂಬ ಹೆಮ್ಮೆಯ ಊರು, ತನ್ನ ಕಾರ್ಮಿಕನ ಮನೆಗೆ ಒಂದು ನೀರಿನ ಕಕ್ಕಸು ಕಟ್ಟಿಕೊಡಲು ನೂರು ವರ್ಷವಾದರೂ ಮುಂದಾಗಲಿಲ್ಲ. ಇದಕ್ಕಿಂತ ದೊಡ್ಡ ನಾಚಿಕೆಗೇಡು ಈ ಊರಿನ ವಸತಿ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಆ ಕೆಲಸಕ್ಕೆ ಇಳಿದವರು ಯಾವ ಜಾತಿಯವರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೂಲಿಯ ಲೆಕ್ಕ, ಉಸಿರಿನ ಲೆಕ್ಕ

ಗಣಿ ಉತ್ತುಂಗದಲ್ಲಿದ್ದ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಲ್ಲಿ ದುಡಿಯುತ್ತಿದ್ದವರು ಮೂವತ್ತು ಸಾವಿರದ ಹತ್ತಿರ. ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದ ಕೂಲಿಗಳು. ಮೇಸ್ತ್ರಿಯ ಪಾಲು, ಸಾಲದ ಬಡ್ಡಿ ಕಳೆದು ಉಳಿದದ್ದು ಕೈಗೆ. ಬಿಳಿಯ ಗಣಿಗಾರನ ಸಂಬಳಕ್ಕೂ ಕೂಲಿಯ ಸಂಬಳಕ್ಕೂ ಹೋಲಿಕೆಯೇ ಇರಲಿಲ್ಲ.

1930ರಲ್ಲಿ ಕಂಪನಿ ಪ್ರತಿ ಕಾರ್ಮಿಕನ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟಿತು. ಒಂದು ಗಣಿಯಿಂದ ತೆಗೆದುಹಾಕಿದವನು ಇನ್ನೊಂದರಲ್ಲಿ ಸೇರಿಕೊಳ್ಳದಂತೆ ತಡೆಯುವ ಉಪಾಯವದು. ಸಾವಿರಾರು ಗುತ್ತಿಗೆ ಕೂಲಿಗಳು ಕೆಲಸ ನಿಲ್ಲಿಸಿದರು. ಮೂರು ವಾರ ಮುಷ್ಕರ ನಡೆಯಿತು. ತಮ್ಮನ್ನು ಹೇಗೆ ಎಣಿಸಬೇಕು ಎಂಬ ವಿಷಯದಲ್ಲಿ ಕಾರ್ಮಿಕರು ಮಾತಾಡಿದ ಮೊದಲ ದೊಡ್ಡ ಸಂದರ್ಭವದು. 1946ರಲ್ಲಿ ಮತ್ತೆ ದೊಡ್ಡ ಹೋರಾಟ ನಡೆಯಿತು. ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಕೂಲಿ, ತುಟ್ಟಿಭತ್ಯೆ, ಭವಿಷ್ಯನಿಧಿ, ರಜೆ ಇವೆಲ್ಲ ಹೀಗೆ ರಕ್ತ ಕೊಟ್ಟು ಪಡೆದದ್ದು. ಕಮ್ಯುನಿಸ್ಟ್ ನಾಯಕ ಕೆ.ಎಸ್. ವಾಸನ್ ಅವರನ್ನು ಈ ಕ್ಷೇತ್ರ 1952ರಲ್ಲಿ ವಿಧಾನಸಭೆಗೆ ಕಳಿಸಿದ್ದು, ಮುಂದೆ ಅಂಬೇಡ್ಕರ್ ಹಾದಿಯ ರಿಪಬ್ಲಿಕನ್ ಪಕ್ಷ ಇಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ.

ಸಂಬಳದ ಚೀಟಿಯಲ್ಲಿ ಬರೆಯದ ಇನ್ನೊಂದು ಕಡಿತವಿತ್ತು. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಇಳಿದು, ವರ್ಷಗಳ ನಂತರ ಸಿಲಿಕೋಸಿಸ್ ಆಗಿ ಎದ್ದು ಬರುತ್ತಿತ್ತು. ಗಣಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದಂತೆ ಬಂಡೆಯ ಬಿಸಿ ಏರಿತು. ಒತ್ತಡಕ್ಕೆ ಸಿಕ್ಕ ಬಂಡೆ ಗುಂಡು ಹಾರಿದಂತೆ ಸಿಡಿಯುತ್ತಿತ್ತು. ಮೇಲಿನ ಲೈನ್ ಮನೆಗಳ ಪಾತ್ರೆಗಳು ಅಲುಗಾಡಿದರೆ ಕೆಳಗೆ ಏನೋ ಆಗಿದೆ ಎಂದು ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು. ಒಂದು ಊರಿನ ಆದಾಯವನ್ನು ಲೆಕ್ಕ ಹಾಕುವವರು ಆ ಆದಾಯಕ್ಕಾಗಿ ತೆತ್ತ ಆಯುಷ್ಯವನ್ನೂ ಲೆಕ್ಕಕ್ಕೆ ತರಬೇಕು. ಕೆಜಿಎಫ್‌ನಲ್ಲಿ ವಿಧವೆಯರ ಪಿಂಚಣಿ ಪುಸ್ತಕಗಳಲ್ಲಿ ಆ ಲೆಕ್ಕವಿದೆ.

ಅದಿರಿನ ಗುಣ ಇಳಿಯುತ್ತಾ ಹೋಯಿತು. ಒಂದು ಕಾಲದಲ್ಲಿ ಟನ್ ಅದಿರಿಗೆ ನಲವತ್ತು ಗ್ರಾಂಗೂ ಮೀರಿ ಸಿಗುತ್ತಿದ್ದ ಚಿನ್ನ ಕೊನೆಕೊನೆಗೆ ಮೂರು ನಾಲ್ಕು ಗ್ರಾಂಗೆ ಬಂತು. ಅದನ್ನು ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತು. ಜನಸಂಖ್ಯೆ 1951ರ ನಂತರ ಕುಸಿಯಲು ಶುರುವಾಗಿ 1971ರ ಗಣತಿಯಲ್ಲಿ 1.2 ಲಕ್ಷದ ಆಸುಪಾಸಿಗೆ ಬಂದು ನಿಂತಿತ್ತು. ಇಪ್ಪತ್ತೇ ವರ್ಷದಲ್ಲಿ ನಾಲ್ಕರಲ್ಲಿ ಒಂದು ಪಾಲು ಜನ ಹೊರಟುಹೋಗಿದ್ದರು. 1964ರಲ್ಲಿ ಸ್ಥಾಪನೆಯಾದ, ಭಾರೀ ಯಂತ್ರ ತಯಾರಿಸುವ ಸರ್ಕಾರಿ ಕಂಪನಿ ಬೆಮೆಲ್ ತನ್ನ ಕಾರ್ಖಾನೆಯನ್ನು ಇಲ್ಲಿ ತೆರೆದದ್ದರಿಂದ ಮತ್ತೆ ಒಂದಷ್ಟು ಕೆಲಸ, ಹೊಸ ಬಡಾವಣೆ ಬಂದು ಸಂಖ್ಯೆ ಮೇಲೇರಿತು. ಬೆಮೆಲ್ ಇರದಿದ್ದರೆ ಇಂದಿನ ಕೆಜಿಎಫ್‌ನ ಸ್ಥಿತಿಯನ್ನು ಊಹಿಸುವುದೂ ಕಷ್ಟ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆ ದಿನ ಪಟ್ಟಿಯಲ್ಲಿದ್ದ ಕಾರ್ಮಿಕರು ಮೂರೂವರೆ ಸಾವಿರದ ಆಸುಪಾಸು. ಅವರ ಹಿಂದೆ ಅವರ ಕುಟುಂಬಗಳು, ಅದಕ್ಕೂ ಮೊದಲು ಸ್ವಯಂ ನಿವೃತ್ತಿ ಪಡೆದ ಸಾವಿರಾರು ಮಂದಿ, ಅವರ ಸಂಬಳದ ಮೇಲೆ ನಿಂತಿದ್ದ ಅಂಗಡಿ, ಹೋಟೆಲು, ಟೈಲರು, ಚೀಟಿ ವ್ಯವಹಾರ ಎಲ್ಲವೂ ಇದ್ದವು. ಪಂಪುಗಳು ನಿಂತ ಮೇಲೆ ಶಾಫ್ಟುಗಳಲ್ಲಿ ನೀರು ತುಂಬಿಕೊಂಡಿತು.

ಬಂಗಾರಪೇಟೆಯ ಹಳಿ

ಊರು ಖಾಲಿಯಾಗಬೇಕಿತ್ತು. ಜಗತ್ತಿನ ಎಷ್ಟೋ ಗಣಿ ಊರುಗಳು ಹಾಗೆ ಖಾಲಿಯಾಗಿವೆ. ಕೆಜಿಎಫ್ ಆಗಲಿಲ್ಲ. 2001ರಲ್ಲಿ 1.57 ಲಕ್ಷವಿದ್ದ ಜನ ಗಣಿ ಮುಚ್ಚಿ ಹತ್ತು ವರ್ಷವಾದ ಮೇಲೂ ಕಡಿಮೆಯಾಗದೆ 1.63 ಲಕ್ಷವಾಗಿದ್ದರು. ಇದಕ್ಕೆ ಕಾರಣ 1894ರ ಆ ರೈಲು ಹಳಿ.

ಮಾರಿಕುಪ್ಪಂನಿಂದ ಹೊರಡುವ ಗಾಡಿ ಚಾಂಪಿಯನ್, ಉರಿಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆಗೆ ಬರುತ್ತದೆ. ಅಲ್ಲಿಂದ ಟೇಕಲ್, ಮಾಲೂರು, ವೈಟ್‌ಫೀಲ್ಡ್, ಕೆ.ಆರ್. ಪುರಂ, ದಂಡು, ಕೊನೆಗೆ ಮೆಜೆಸ್ಟಿಕ್. ತೊಂಬತ್ತು ಕಿಲೋಮೀಟರ್ ಆಸುಪಾಸಿನ ಹಾದಿ, ಎರಡು ಗಂಟೆಗೂ ಮೀರಿದ ಪ್ರಯಾಣ. ನಸುಕಿನ ಗಾಡಿಗಳಲ್ಲಿ ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹೆಣ್ಣುಮಕ್ಕಳು, ಸೆಕ್ಯುರಿಟಿ ಗಾರ್ಡುಗಳು, ಐಟಿ ಪಾರ್ಕಿನ ಹೌಸ್‌ಕೀಪಿಂಗ್‌ನವರು, ವೆಲ್ಡರ್‌ಗಳು, ಎಲೆಕ್ಟ್ರಿಷಿಯನ್ನರು, ನರ್ಸುಗಳು, ಕಾಲೇಜು ವಿದ್ಯಾರ್ಥಿಗಳು ಕಿಕ್ಕಿರಿದು ತುಂಬಿರುತ್ತಾರೆ. ಕೆಲವೇ ನೂರು ರೂಪಾಯಿಯ ತಿಂಗಳ ಪಾಸು ಇವರ ಜೀವನಾಧಾರ. ಗಣಿ ಕಾಲದ ಶಾಲೆಗಳು ಕೊಟ್ಟ ಇಂಗ್ಲಿಷ್ ಹಿಡಿದು ಕಾಲ್ ಸೆಂಟರ್‌ಗಳಿಗೆ, ಸಾಫ್ಟ್‌ವೇರ್ ಕಂಪನಿಗಳಿಗೆ ಸೇರಿದ ಹುಡುಗ ಹುಡುಗಿಯರೂ ಇದ್ದಾರೆ. ಕುಳಿತಲ್ಲೇ ನಿದ್ದೆ, ನಿಂತಲ್ಲೇ ತಿಂಡಿ. ಕಾಯಂ ಪ್ರಯಾಣಿಕರ ನಡುವೆ ಹಬ್ಬಗಳು, ಹುಟ್ಟುಹಬ್ಬಗಳು, ಮದುವೆ ಮಾತುಕತೆಗಳೂ ಬೋಗಿಯಲ್ಲೇ ನಡೆಯುತ್ತವೆ.

ಇವರು ಬೆಂಗಳೂರಿನಲ್ಲೇ ಉಳಿಯಬಹುದಲ್ಲವೇ ಎಂದು ಕೇಳುವವರಿದ್ದಾರೆ. ಉತ್ತರ ಸರಳವಾದ ಲೆಕ್ಕ. ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆಯ ಬಾಡಿಗೆ, ಮುಂಗಡ ಕಟ್ಟಿದರೆ ಒಬ್ಬ ಗಾರ್ಡಿನ ಅಥವಾ ಗಾರ್ಮೆಂಟ್ ಕೆಲಸಗಾರ್ತಿಯ ಸಂಬಳದಲ್ಲಿ ಊಟಕ್ಕೆ ಉಳಿಯುವುದು ಅಲ್ಪ. ಲೈನ್ ಮನೆಯಲ್ಲಿ ಬಾಡಿಗೆ ಇಲ್ಲ. ವಯಸ್ಸಾದ ಅಪ್ಪ ಅಮ್ಮ ಅಲ್ಲೇ ಇದ್ದಾರೆ, ಮಕ್ಕಳನ್ನು ಅವರು ನೋಡಿಕೊಳ್ಳುತ್ತಾರೆ. ದಿನಕ್ಕೆ ನಾಲ್ಕೈದು ಗಂಟೆ ರೈಲಿನಲ್ಲಿ ಕಳೆದು, ಬಾಡಿಗೆ ಉಳಿಸಿ, ಸಂಸಾರ ನಡೆಸುತ್ತಾರೆ. ಬೆಂಗಳೂರು ಅಗ್ಗದ ದುಡಿಮೆಯಿಂದ ನಡೆಯುತ್ತಿದ್ದರೆ, ಆ ಅಗ್ಗದ ಬೆಲೆಯ ಒಂದು ಪಾಲನ್ನು ಭರಿಸುತ್ತಿರುವುದು ಕೆಜಿಎಫ್‌ನ ಈ ಒಂದು ಕೋಣೆಯ ಮನೆಗಳು.

ಬಂಗಾರಪೇಟೆಯ ಪಾಡು ಇದಕ್ಕಿಂತ ವಾಸಿ. ಗಣಿ ಇದ್ದಾಗಲೂ ಅದು ಗಣಿಯನ್ನೊಂದೇ ನೆಚ್ಚಿಕೊಂಡಿರಲಿಲ್ಲ. ಚೆನ್ನೈ ಮಾರ್ಗ, ಕೋಲಾರದ ಮಾರ್ಗ, ಗಣಿಯ ಮಾರ್ಗ ಮೂರೂ ಕೂಡುವ ಜಂಕ್ಷನ್ ಅದು. ಸುತ್ತಲಿನ ಹಳ್ಳಿಗಳ ರಾಗಿ, ತರಕಾರಿ, ರೇಷ್ಮೆ, ಹಾಲಿನ ವ್ಯವಹಾರ ಅಲ್ಲಿ ನಡೆಯುತ್ತದೆ. ಅದರ ಪಾನಿಪುರಿಯ ಹೆಸರು ಬೆಂಗಳೂರಿನ ಬೀದಿಬೀದಿಯ ಗಾಡಿಗಳ ಮೇಲಿದೆ. 2001ರಿಂದ 2011ರ ನಡುವೆ ಪಟ್ಟಣದ ಜನ ಸುಮಾರು 39 ಸಾವಿರದಿಂದ 45 ಸಾವಿರಕ್ಕೆ ಏರಿದರು. ಅದು ಹೆಚ್ಚುಕಡಿಮೆ ರಾಜ್ಯದ ಸರಾಸರಿ ಬೆಳವಣಿಗೆಯೇ. ಅದೇ ಹತ್ತು ವರ್ಷದಲ್ಲಿ ಕೆಜಿಎಫ್ ಬೆಳೆದದ್ದು ಶೇಕಡ ನಾಲ್ಕರಷ್ಟು. ಹತ್ತಾರು ಕಸುಬುಗಳ ಮೇಲೆ ನಿಂತ ಪಟ್ಟಣಕ್ಕೂ ಒಂದೇ ಕಂಪನಿಯ ಮೇಲೆ ನಿಂತ ನಗರಕ್ಕೂ ಇರುವ ವ್ಯತ್ಯಾಸ, ಹದಿನಾರು ಕಿಲೋಮೀಟರ್ ಅಂತರದ ಈ ಎರಡು ಊರುಗಳಲ್ಲಿ ಕಣ್ಣಿಗೆ ಕಟ್ಟುತ್ತದೆ.

ನಾವು ಕೇಳದ ಪ್ರಶ್ನೆ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಬ್ಯೂಟ್ ಎಂಬ ತಾಮ್ರದ ಗಣಿ ಊರಿದೆ. ಕಾರ್ನ್‌ವಾಲ್‌ನ ಗಣಿಗಾರರು ಅಲ್ಲಿಗೂ ಹೋಗಿದ್ದರು. 1920ರಲ್ಲಿ ಬ್ಯೂಟ್ ಮತ್ತು ಅದರ ಸುತ್ತಲ ಕೌಂಟಿಯಲ್ಲಿ ಅರವತ್ತು ಸಾವಿರ ಜನರಿದ್ದರು. 2020ಕ್ಕೆ 35 ಸಾವಿರ. ಅಲ್ಲಿನ ಬರ್ಕ್ಲಿ ಗಣಿ 1982ರಲ್ಲಿ ಮುಚ್ಚಿತು, ಪಂಪು ನಿಂತ ಮೇಲೆ ಅಲ್ಲಿಯೂ ಹೊಂಡಕ್ಕೆ ನೀರು ತುಂಬಿತು. ಎರಡು ಊರುಗಳ ನಡುವೆ ಇಷ್ಟೆಲ್ಲ ಸಾಮ್ಯವಿದ್ದರೂ ಒಂದು ದೊಡ್ಡ ಭೇದವಿದೆ. ಬ್ಯೂಟ್‌ನಲ್ಲಿ ಒಂದು ಕುಟುಂಬದ ಮಧ್ಯಮ ವಾರ್ಷಿಕ ಆದಾಯ ಎಷ್ಟು, ಎಷ್ಟು ಜನ ಸ್ವಂತ ಮನೆಯಲ್ಲಿದ್ದಾರೆ, ಎಷ್ಟು ಜನ ಬಾಡಿಗೆಗಿದ್ದಾರೆ, ಕೆಲಸಕ್ಕೆ ಹೋಗಲು ಸರಾಸರಿ ಎಷ್ಟು ನಿಮಿಷ ಬೇಕು ಎಂಬುದನ್ನೆಲ್ಲ ಅಮೆರಿಕದ ಗಣತಿ ಇಲಾಖೆ ಸಮೀಕ್ಷೆ ಮಾಡಿ ಊರುವಾರು ಪ್ರಕಟಿಸುತ್ತಲೇ ಇರುತ್ತದೆ. ಊರು ಬಡವಾಗುತ್ತಿದ್ದರೆ ಅದು ಅಂಕಿಯಲ್ಲಿ ಕಾಣುತ್ತದೆ. ಕಂಡ ಮೇಲೆ ಕಂಡಿಲ್ಲ ಎನ್ನುವುದು ಆಳುವವರಿಗೆ ಕಷ್ಟ.

ನಮ್ಮ ಜನಗಣತಿ ಆದಾಯವನ್ನು ಕೇಳುವುದಿಲ್ಲ. ಗೋಡೆ ಯಾವುದರದ್ದು, ಚಾವಣಿ ಯಾವುದರದ್ದು, ಕೋಣೆ ಎಷ್ಟು, ನೀರು ಎಲ್ಲಿಂದ, ಕಕ್ಕಸು ಎಂಥದ್ದು, ಟಿವಿ ಇದೆಯೇ, ಸ್ಕೂಟರ್ ಇದೆಯೇ ಎಂದು ಕೇಳುತ್ತದೆ. ಅದರಿಂದ ಬಡತನವನ್ನು ಒಂದು ಮಟ್ಟಿಗೆ ಊಹಿಸಬಹುದು. ಆದರೆ ಕೆಜಿಎಫ್‌ನಂಥ ನಗರದಲ್ಲಿ ಒಂದು ಸಂಸಾರ ತಿಂಗಳಿಗೆ ಎಷ್ಟು ಗಳಿಸುತ್ತದೆ, ಅದರಲ್ಲಿ ಎಷ್ಟು ಪಾಲು ಬೆಂಗಳೂರಿನಿಂದ ಬರುತ್ತದೆ ಎಂದು ತಿಳಿಯುವ ದಾರಿ ಗಣತಿಯಲ್ಲಿಲ್ಲ. ತಲಾ ಆದಾಯದ ಅಂಕಿ ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ. ನರಸಾಪುರ, ವೇಮಗಲ್‌ಗಳಲ್ಲಿ ದೊಡ್ಡ ಕಾರ್ಖಾನೆಗಳು ಬಂದು ಕೋಲಾರ ಜಿಲ್ಲೆಯ ಸರಾಸರಿ ಏರಿದರೆ, ಆ ಸರಾಸರಿಯ ಅಡಿಯಲ್ಲಿ ಮಾರಿಕುಪ್ಪಂನ ಲೈನ್ ಮುಚ್ಚಿಹೋಗುತ್ತದೆ.

ಗಣತಿಯ ಮನೆಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆಯಿದೆ. ಮನೆ ಸ್ವಂತವೋ, ಬಾಡಿಗೆಯದೋ, ಇತರೆಯೋ? ನಾಲ್ಕು ತಲೆಮಾರು ಒಂದೇ ಕೋಣೆಯಲ್ಲಿ ಹುಟ್ಟಿ ಬೆಳೆದಿದೆ. ಸೋರುವ ಶೀಟನ್ನು ಸ್ವಂತ ದುಡ್ಡಿನಲ್ಲಿ ಬದಲಿಸಿದ್ದಾರೆ, ಹಿತ್ತಲಿಗೆ ಬಚ್ಚಲು ಕಟ್ಟಿಕೊಂಡಿದ್ದಾರೆ, ಗೋಡೆಗೆ ಸುಣ್ಣ ಬಳಿದಿದ್ದಾರೆ. ಆದರೂ ಹಕ್ಕುಪತ್ರ ಇಲ್ಲದ ಮೇಲೆ ಅದು ಸ್ವಂತದ್ದಲ್ಲ. ಬಾಡಿಗೆ ಕಟ್ಟಿಸಿಕೊಳ್ಳುವ ಯಜಮಾನ 2001ರಲ್ಲೇ ಬಾಗಿಲು ಹಾಕಿದ್ದಾನೆ. ಈ ಮನೆ ಯಾವ ಸಾಲಿಗೆ ಸೇರಬೇಕು? ಹಕ್ಕುಪತ್ರ ಇಲ್ಲದೆ ಬ್ಯಾಂಕಿನ ಗೃಹಸಾಲ ಇಲ್ಲ. ಮಗಳ ಓದಿಗೆ, ಕಾಯಿಲೆಗೆ ಅಡವಿಡಲು ಆಸ್ತಿ ಇಲ್ಲ. ಮನೆ ಕಟ್ಟಿಕೊಳ್ಳಲು ಸಹಾಯಧನ ಕೊಡುವ ಸರ್ಕಾರಿ ಯೋಜನೆಗಳೂ ಮೊದಲು ನಿವೇಶನದ ದಾಖಲೆ ಕೇಳುತ್ತವೆ.

ಮೊದಲು ಹಕ್ಕುಪತ್ರ

ಈಗ ಕೆಜಿಎಫ್‌ನ ನೆಲಕ್ಕೆ ಮತ್ತೆ ಬೆಲೆ ಬರುತ್ತಿದೆ. ಬಿಜಿಎಂಎಲ್ ಹೆಸರಿನಲ್ಲಿ 12 ಸಾವಿರ ಎಕರೆಯಷ್ಟು ಭೂಮಿಯಿದೆ. ಗಣಿಗಳಿಗೆ ಜಾಗತಿಕ ಟೆಂಡರ್ ಕರೆಯಲು 2013ರಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿಕೊಟ್ಟಿತ್ತು. ಅದಿರು ಅರೆದು ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ 13 ಗುಡ್ಡಗಳಿವೆ, ಊರವರು ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಅವುಗಳಲ್ಲಿರುವ 3.3 ಕೋಟಿ ಟನ್ನಿನಷ್ಟು ಮಣ್ಣಿನಲ್ಲಿ ಅಳಿದುಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಬಳಸದೆ ಬಿದ್ದಿರುವ ಭೂಮಿಯಲ್ಲಿ ಕೈಗಾರಿಕಾ ಪಾರ್ಕ್ ಮಾಡುವ ಯೋಜನೆ ರಾಜ್ಯದ ಮುಂದಿದೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ-ಬೇತಮಂಗಲ ಭಾಗದಲ್ಲಿ 2024ರ ಕೊನೆಯಿಂದ ವಾಹನಗಳು ಓಡುತ್ತಿವೆ. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಕೆಜಿಎಫ್ ಕೂಡ ಒಂದಾಗಿ, ಬಂಗಾರಪೇಟೆ ತಾಲ್ಲೂಕಿನಿಂದ ಬೇರೆಯಾಯಿತು. ಇದೇ ಹೆಸರಿನ ಸಿನಿಮಾದ ದೆಸೆಯಿಂದ ದೇಶದ ಮೂಲೆಮೂಲೆಗೂ ಊರಿನ ಹೆಸರು ತಲುಪಿದೆ.

ಇದೆಲ್ಲ ಒಳ್ಳೆಯದೇ. ಊರಿನ ಹುಡುಗರಿಗೆ ಊರಲ್ಲೇ ಕೆಲಸ ಸಿಕ್ಕಿ, ನಸುಕಿನ ಗಾಡಿಯ ನೂಕುನುಗ್ಗಲು ತಪ್ಪುವುದಾದರೆ ಕೈಗಾರಿಕಾ ಪಾರ್ಕ್ ಬೇಗ ಬರಲಿ. ಆದರೆ ಯಾವುದು ಮೊದಲು, ಯಾವುದು ನಂತರ ಎಂಬ ಪ್ರಶ್ನೆ ಇದೆ. ಟೆಂಡರ್ ಮೊದಲಾಗಿ ಹಕ್ಕುಪತ್ರ ನಂತರ ಎಂದರೆ, ಲೈನ್ ಮನೆಯಲ್ಲಿರುವವರು ಹೊಸ ಯಜಮಾನನ ಎದುರು ಅತಿಕ್ರಮಣಕಾರರಾಗಿ ನಿಲ್ಲಬೇಕಾಗುತ್ತದೆ. ಭೂಮಿಯ ಬೆಲೆ ಏರಿದಷ್ಟೂ ಬಡವನಿಗೆ ಹಕ್ಕು ಕೊಡುವ ಕೈ ಬಿಗಿಯಾಗುತ್ತದೆ ಎಂಬುದನ್ನು ಬೆಂಗಳೂರಿನ ಸುತ್ತಲಿನ ಪ್ರತಿ ಹಳ್ಳಿಯೂ ನೋಡಿದೆ. ಆದ್ದರಿಂದ ಮಾಜಿ ಕಾರ್ಮಿಕರ, ಅವರ ವಿಧವೆಯರ, ಅವರ ಮಕ್ಕಳ ಮನೆಗಳನ್ನು ಅಳತೆ ಮಾಡಿ, ಹೆಸರಿಗೆ ಬರೆದುಕೊಟ್ಟು, ಉಳಿದ ಭೂಮಿಯ ಲೆಕ್ಕವನ್ನು ಆಮೇಲೆ ಮಾಡಬೇಕು. ಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇರಬೇಕು. ಗುಡ್ಡದ ಮಣ್ಣು ಅಗೆಯುವಾಗ ಏಳುವ ಧೂಳು ಮತ್ತೊಂದು ತಲೆಮಾರಿನ ಶ್ವಾಸಕೋಶ ಸೇರದಂತೆ ಮೊದಲೇ ಕರಾರು ಬರೆಯಬೇಕು. ಒಂದು ಸಲ ಆ ಬೆಲೆ ತೆತ್ತ ಊರು ಇದು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಘೋಷಣೆಯಾಗಿದೆ. ಹದಿನಾರು ವರ್ಷಗಳ ನಂತರ ಈ ಊರಿನ ಹೊಸ ಸಂಖ್ಯೆ ಸಿಗಲಿದೆ, ಜಾತಿಯ ವಿವರವೂ ಬರಲಿದೆ. ಅದರ ಜೊತೆಗೆ ರಾಜ್ಯ ಸರ್ಕಾರ ಕೆಜಿಎಫ್ ಮತ್ತು ಬಂಗಾರಪೇಟೆಗಳಿಗೆಂದೇ ಒಂದು ಸಮೀಕ್ಷೆ ನಡೆಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕುಟುಂಬದ ಗಳಿಕೆ ಎಷ್ಟು, ಎಷ್ಟು ದೂರ ಹೋಗಿ ಗಳಿಸುತ್ತಾರೆ, ಗಣಿಯಲ್ಲಿ ದುಡಿದವರಲ್ಲಿ ಉಸಿರಾಟದ ಕಾಯಿಲೆ ಎಷ್ಟು ಜನಕ್ಕಿದೆ, ಮನೆಯ ದಾಖಲೆ ಏನಿದೆ ಎಂದು ಕೇಳಿದರೆ ಸಾಕು. ಎಷ್ಟು ಗಾಡಿ ಓಡಿಸಬೇಕು, ಎಷ್ಟು ಬೋಗಿ ಸೇರಿಸಬೇಕು ಎಂದು ರೈಲ್ವೆಗೆ ಗೊತ್ತಾಗುತ್ತದೆ. ಎಂಥ ಕೆಲಸ ತರಬೇಕು ಎಂದು ಕೈಗಾರಿಕಾ ಇಲಾಖೆಗೆ ಗೊತ್ತಾಗುತ್ತದೆ.

ಹಕ್ಕುಪತ್ರ ಕೊಡುವುದನ್ನು ಔದಾರ್ಯ ಎಂದು ಯಾರೂ ಭಾವಿಸಬಾರದು. 800 ಟನ್ ಚಿನ್ನ ಈ ನೆಲದಿಂದ ಹೋಗಿದೆ. ಅದನ್ನು ಮೇಲೆತ್ತಿದವರು ಹೊತ್ತು ಬಂದದ್ದು ಧೂಳು ತುಂಬಿದ ಎದೆ, ಉಳಿಸಿಕೊಂಡದ್ದು ಹತ್ತಡಿಯ ಒಂದು ಕೋಣೆ. ಕೆಜಿಎಫ್ ಮತ್ತು ಬಂಗಾರಪೇಟೆ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಜನರ ಪಾಲು ಅತಿ ಹೆಚ್ಚಿರುವ ಜಿಲ್ಲೆ ಕೋಲಾರ, ಶೇಕಡ 30ರಷ್ಟು. ಹಳ್ಳಿಯಲ್ಲಿ ಭೂಮಿ ಸಿಗದೆ ಗಣಿಗೆ ಬಂದವರ ಮೊಮ್ಮಕ್ಕಳಿಗೆ ನಗರದಲ್ಲೂ ಒಂದು ಅಂಕಣ ನೆಲ ಸಿಗಲಿಲ್ಲವೆಂದರೆ, ನೂರಮೂವತ್ತು ವರ್ಷಗಳ ಈ ವಲಸೆಯಲ್ಲಿ ಅವರು ಹೊರಟ ಜಾಗದಲ್ಲೇ ನಿಂತಿದ್ದಾರೆ ಎಂದಾಗುತ್ತದೆ. ಅದಾಗದಂತೆ ನೋಡಿಕೊಳ್ಳಲು ಬೇಕಾದ ಭೂಮಿ ಸರ್ಕಾರದ ಕೈಯಲ್ಲೇ ಇದೆ, ಮನೆಗಳು ಈಗಾಗಲೇ ನಿಂತಿವೆ, ಅವುಗಳಲ್ಲಿ ಇರಬೇಕಾದ ಜನರೇ ಇದ್ದಾರೆ. ಬೇಕಾಗಿರುವುದು ಒಂದು ಅಳತೆ, ಒಂದು ಪಟ್ಟಿ, ಒಂದು ಸಹಿ.